ಗಡ್ಡ, ಹರಕೆ ಮತ್ತು ಐದು ಸೆಕೆಂಡ್

ಕ್ಯಾಪ್ಟನ್ ಕಾಕಾನ ಕೇಳ್ರಿ
(ವಿಮಾನ ಹಾರಿಸಿ ನಿವೃತ್ತರಾಗಿ ಬೆಳಗಾವಿಯ ಹಿಂದವಾಡಿಯಲ್ಲಿ ನೆಲೆಸಿರುವ ನಮ್ಮ ಅಂಕಣಕಾರರಿಂದ ಓದುಗರ ಪ್ರಶ್ನೆಗಳಿಗೆ ಉತ್ತರ)

ಪ್ರಶ್ನೆ: ಕಾಕಾ, ನಾನು ಇಂಡಿ ತಾಲ್ಲೂಕಿನವ. ಸಿಪಿಎಲ್ (ಸಂಬಳಕ್ಕೆ ವಿಮಾನ ಹಾರಿಸುವ ಲೈಸೆನ್ಸ್) ಕೈಗೆ ಬಂದು ನಾಲ್ಕು ತಿಂಗಳಾಯಿತು. ಮುಂದಿನ ತಿಂಗಳು ಒಂದು ಏರ್‌ಲೈನಿನ ಸಂದರ್ಶನವಿದೆ. ಲೈಸೆನ್ಸ್ ಸಿಗಲೆಂದು ನಮ್ಮಜ್ಜಿ ಸವದತ್ತಿ ಯಲ್ಲಮ್ಮಗೆ ಹರಕೆ ಹೊತ್ತಿದ್ದಾಳೆ. ಭಾರತ ಹುಣ್ಣಿಮೆವರೆಗೆ ನಾನು ಗಡ್ಡ ತೆಗೆಯುವಂತಿಲ್ಲ. ಗೆಳೆಯರು ‘ಹಿಂಗ ಹೋದ್ರ ಬಾಗಲದಾಗಿಂದನ ವಾಪಸ್ ಕಳಸ್ತಾರ’ ಎನ್ನುತ್ತಾರೆ. ವಿಮಾನ ಹಾರಿಸುವವನ ಗಡ್ಡದಿಂದ ಯಾರಿಗೇನು ತೊಂದರೆ?

ಉತ್ತರ: ತಮ್ಮಾ, ಮೊದಲು ಆಮ್ಲಜನಕದ ಮಾಸ್ಕಿನ ಮಾತು ಕೇಳು. ಸಿಪಿಎಲ್ ಓದಿದವನಿಗೆ ಇದು ಗೊತ್ತು, ಆದರೆ ನಿಮ್ಮಜ್ಜಿಗೆ ಓದಿ ಹೇಳಬೇಕಲ್ಲ, ಅದಕ್ಕೆ ಬಿಡಿಸಿ ಬರೆಯುತ್ತೇನೆ. ವಿಮಾನ 35,000 ಅಡಿಯಲ್ಲಿದ್ದರೂ ಒಳಗಿನ ಗಾಳಿಯ ಒತ್ತಡ 8,000 ಅಡಿ ಎತ್ತರದ ಗುಡ್ಡದ ಮೇಲೆ ಇರುವಷ್ಟಕ್ಕಿಂತ ಕಡಿಮೆಯಾಗದಂತೆ ಕಾಯ್ದಿರುತ್ತಾರೆ. ಆ ಒತ್ತಡ ಒಮ್ಮೆಲೇ ಸೋರಿಹೋದರೆ ಮನುಷ್ಯನ ತಲೆ ನೆಟ್ಟಗೆ ಕೆಲಸ ಮಾಡುವುದು ಅರ್ಧ ನಿಮಿಷದಿಂದ ಒಂದು ನಿಮಿಷ, ಅಷ್ಟೇ. ಆಮೇಲೆ ನಗುತ್ತಲೇ ತಪ್ಪು ಗುಂಡಿ ಒತ್ತುತ್ತಾನೆ. ಅದಕ್ಕೆಂದೇ ಕಾಕ್‌ಪಿಟ್‌ನಲ್ಲಿ ಪೈಲಟ್‌ನ ಕೈಗೆ ಎಟುಕುವಲ್ಲಿ ಒಂದು ಡಬ್ಬಿ. ಒಂದೇ ಕೈಯಲ್ಲಿ ಕೆಂಪು ಹಿಡಿ ಹಿಚುಕಿ ಎಳೆದರೆ ಮಾಸ್ಕಿನ ಪಟ್ಟಿ ನಾಗರಹೆಡೆಯಂತೆ ಉಬ್ಬುತ್ತದೆ. ತಲೆಗೆ ಸಿಕ್ಕಿಸಿ ಕೈಬಿಟ್ಟರೆ ಮುಖಕ್ಕೆ ಕಚ್ಚಿಕೊಳ್ಳಬೇಕು. ಇಷ್ಟಕ್ಕೆಲ್ಲ ಕೊಡುವುದು ಐದು ಸೆಕೆಂಡ್. ನಡುವೆ ಕೂದಲು ಸಿಕ್ಕರೆ ಕುಕ್ಕರ್ ರಬ್ಬರಿಗೆ ಅನ್ನದ ಅಗುಳು ಸಿಕ್ಕ ಹಾಗೆ, ಸುಯ್ ಅಂತ ಸೋರುತ್ತದೆ. ಕಾಕ್‌ಪಿಟ್‌ನಲ್ಲಿ ಹೊಗೆ ತುಂಬಿದಾಗಲೂ ಅದೇ ಮಾಸ್ಕು, ಅದೇ ಚಿಂತೆ.

ನನಗೂ ಒಂದು ಕಾಲಕ್ಕೆ ಹುರಿ ಮೀಸೆಯ ಹುಚ್ಚು. ಸಿಮ್ಯುಲೇಟರಿನಲ್ಲಿ, ಅಂದರೆ ತರಬೇತಿಯ ನಕಲಿ ಕಾಕ್‌ಪಿಟ್‌ನಲ್ಲಿ, ಮಾಸ್ಕ್ ಹಾಕಿ ಮಾತಾಡುತ್ತಿದ್ದರೆ ಇನ್‌ಸ್ಟ್ರಕ್ಟರ್ ‘ಎಲ್ಲೋ ಹಾವು ಬುಸುಗುಟ್ಟತೈತಿ’ ಅಂದರು. ಆ ಸಂಜೆಯೇ ಮೀಸೆಯ ಎರಡೂ ತುದಿ ಹೋದವು. ನನ್ನ ಹೆಂಡತಿ ಒಂದು ವಾರ ಬೇಜಾರು ಮಾಡಿಕೊಂಡಳು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗಲೂ ಹೇಳಬೇಕು. ನಮ್ಮ ದೇಶದಲ್ಲೇ ಸಿಖ್ ಪೈಲಟ್‌ಗಳು ಗಡ್ಡ, ಪಗಡಿ ಸಮೇತ ತಲೆಮಾರುಗಳಿಂದ ಹಾರಿಸುತ್ತಿದ್ದಾರೆ. ವಾಯುಪಡೆಯ ಮಾರ್ಷಲ್ ಅರ್ಜನ್ ಸಿಂಗ್ ಅವರ ಫೋಟೊ ನೋಡು. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದವರು ಬೇರೆ ಬೇರೆ ಉದ್ದದ ಗಡ್ಡದವರನ್ನು ಒತ್ತಡ ಇಳಿಸುವ ಕೋಣೆಯಲ್ಲಿ ಕೂರಿಸಿ ಪರೀಕ್ಷಿಸಿದರು. ಗಡ್ಡದಿಂದ ಆಮ್ಲಜನಕಕ್ಕೆ ಕೊರತೆ ಕಾಣಲಿಲ್ಲ. 2018ರಲ್ಲಿ ಏರ್ ಕೆನಡಾ ತನ್ನ ಪೈಲಟ್‌ಗಳಿಗೆ ಹನ್ನೆರಡೂವರೆ ಮಿಲಿಮೀಟರ್‌ವರೆಗೆ ಗಡ್ಡ ಬಿಡಲು ಒಪ್ಪಿಗೆ ಕೊಟ್ಟಿತು. ಹಾಗಾಗಿ ನೀಟಾಗಿ ಕತ್ತರಿಸಿದ ಗಡ್ಡವನ್ನು ಬೇಡವೆನ್ನಲು ಈಗ ಮಾಸ್ಕಿಗಿಂತ ಅಭ್ಯಾಸವೇ ದೊಡ್ಡ ಕಾರಣ ಎಂದು ನನ್ನ ಅನಿಸಿಕೆ. ಈ ವಾದವನ್ನು ನನ್ನಂಥ ಮುದುಕ ಕಟ್ಟೆ ಮೇಲೆ ಕೂತು ಮಾಡಬಹುದು, ಸಂದರ್ಶನದ ಕೋಣೆಯಲ್ಲಿ ನೀನು ಮಾಡಬೇಡ. ಕಂಪನಿಗೊಂದು ನಿಯಮ ಇರುತ್ತದೆ. ಕರೆಪತ್ರ ಕಳಿಸಿದವರಿಗೇ ಫೋನ್ ಹಚ್ಚಿ ಕೇಳು, ನಾಚಿಕೆ ಬೇಡ.

ಬೇಡ ಅಂದರೆ ಅಜ್ಜಿಯನ್ನು ಕರೆದುಕೊಂಡು ಗುಡ್ಡಕ್ಕೆ ಹೋಗು. ಪಡ್ಡಲಗಿ ತುಂಬಿಸಿ, ಅಲ್ಲೇ ಗಡ್ಡ ತೆಗೆಸಿಕೊಂಡು ಬಾ. ಮಗ ಕೆಲಸಕ್ಕೆ ಹೊಂಟಾನ ಅಂದರೆ ತಾಯಿ ಹುಣ್ಣಿಮೆ ಲೆಕ್ಕ ಹಾಕುವವಳಲ್ಲ. ಆದರೆ ಅಜ್ಜಿಗೆ ಹೇಳದೆ ಕೇಳದೆ ಬೋಳಿಸಬೇಡ. ಅವಳ ಸಿಟ್ಟಿಗೆ ಯಾವ ಕೈಪಿಡಿಯಲ್ಲೂ ಉಪಾಯ ಬರೆದಿಲ್ಲ.

ಅಂಗಿಯ ಬಗ್ಗೆ ನೀನು ಕೇಳಿಲ್ಲ, ನಾನೇ ಹೇಳುತ್ತೇನೆ. ನನ್ನ ಮೊದಲ ಬಿಳಿ ಅಂಗಿ ಖಡೇಬಜಾರಿನ ಟೇಲರ್ ಹೊಲಿದದ್ದು. ಕಾಲರ್ ಕತ್ತಿಯಂತಿತ್ತು, ಹೆಗಲ ಪಟ್ಟಿ ಮಾತ್ರ ಅಗಲವಾಗಿ, ಸಡಿಲವಾಗಿ ಬಂದಿತ್ತು. ಅದಕ್ಕೆ ಸಿಕ್ಕಿಸಿದ ದರ್ಜೆಯ ಪಟ್ಟೆಗಳೆರಡೂ ಜಾರಿ ಒಂದು ಎದೆಗೆ, ಒಂದು ಬೆನ್ನಿಗೆ. ಅವ್ವ ರಾತ್ರಿ ಪಟ್ಟಿ ಬಿಚ್ಚಿ ಮತ್ತೆ ಹೊಲಿದು, ಹಿತ್ತಾಳೆ ತಂಬಿಗೆಯಲ್ಲಿ ಕೆಂಡ ತುಂಬಿ ಇಸ್ತ್ರಿ ಮಾಡಿ ಕೊಟ್ಟಳು. ನೀನು ಹೊಲಿಸುವಾಗ ಪಟ್ಟೆಗಳನ್ನೂ ಟೇಲರ್ ಕಡೆ ಒಯ್ಯು. ಬಟ್ಟೆ ಆದಷ್ಟು ಹತ್ತಿಯದಿರಲಿ. ಪಾಲಿಸ್ಟರ್ ಮಿಂಚುತ್ತದೆ ನಿಜ, ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಪ್ರಶ್ನೆ: ನನ್ನ ಮಗಳು ಸಾಂಬ್ರಾದಲ್ಲಿ ಪೈಲಟ್ ತರಬೇತಿಗೆ ಸೇರಿದ್ದಾಳೆ. ಸೊಂಟದವರೆಗೆ ಜಡೆ. ಮುಂದೆ ನೌಕರಿಗೆ ಕತ್ತರಿಸಲೇಬೇಕಂತೆ, ಹೌದೇ? – ಒಬ್ಬ ತಾಯಿ, ಜಮಖಂಡಿ

ಉತ್ತರ: ಯಾರು ಹೇಳಿದರು ತಂಗೀ? ಕತ್ತರಿ ಒಳಗಿಡು. ಉದ್ದ ಕೂದಲಿಗೆ ತುರುಬು ಸಾಕು. ಆದರೆ ತುರುಬು ಎಲ್ಲಿ ಕಟ್ಟುತ್ತಾಳೆ ಅನ್ನುವುದು ಮುಖ್ಯ. ನಡುನೆತ್ತಿಗೆ ಕಟ್ಟಿದರೆ ಹೆಡ್‌ಸೆಟ್ ಕೂರುವುದಿಲ್ಲ, ಮೇಲೆ ಹೇಳಿದ ಮಾಸ್ಕಿನ ಪಟ್ಟಿಯೂ ಸಿಕ್ಕಿಹಾಕಿಕೊಳ್ಳುತ್ತದೆ. ಹೆಡಕಿನ ಹತ್ತಿರ, ಕೆಳಗೆ, ಗಟ್ಟಿಯಾಗಿ ಕಟ್ಟಲಿ. ನನ್ನ ಜೊತೆ ಹಾರಿಸಿದ ಒಬ್ಬ ಹುಡುಗಿ ಪ್ರತಿ ಸಲ ಕೂತ ಕೂಡಲೇ ಹೆಡ್‌ಸೆಟ್ ಹಾಕಿ, ತಲೆ ಎಡಕ್ಕೆ ಬಲಕ್ಕೆ ಜೋರಾಗಿ ಅಲ್ಲಾಡಿಸುತ್ತಿದ್ದಳು. ಜಾರದಿದ್ದರೆ ಪಾಸ್! ಭಾರತದ ಪೈಲಟ್‌ಗಳಲ್ಲಿ ನೂರಕ್ಕೆ ಹದಿನೈದರ ಆಸುಪಾಸು ಹೆಣ್ಣುಮಕ್ಕಳು. ಬೇರೆ ದೇಶಗಳಿಗೆ ಹೋಲಿಸಿದರೆ ಇದು ಬಹಳ ಮೇಲು.

ಪ್ರಶ್ನೆ: ಪೈಲಟ್‌ಗಳು ಬಾಯಿ ವಾಸನೆಗೆ ಮೌತ್‌ವಾಶ್ ಬಳಸಬಾರದಂತೆ?

ಉತ್ತರ: ಆಲ್ಕೋಹಾಲ್ ಇರುವುದನ್ನು ಬಳಸುವಂತಿಲ್ಲ, ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎಯ ನಿಯಮ. ಹಾರಾಟಕ್ಕೆ ಮುಂಚಿನ 12 ತಾಸು ಕುಡಿಯುವಂತಿಲ್ಲ, ಊದಿಸಿದಾಗ ಯಂತ್ರ ಸೊನ್ನೆ ತೋರಿಸಬೇಕು. ನಾನು ಕಿಸೆಯಲ್ಲಿ ಲವಂಗ ಇಟ್ಟುಕೊಳ್ಳುತ್ತಿದ್ದೆ.

ಪ್ರಶ್ನೆ: ನಾಲ್ಕು ಬಂಗಾರದ ಪಟ್ಟಿ, ಕಪ್ಪು ಕನ್ನಡಕ, ಉರುಳುವ ಪೆಟ್ಟಿಗೆ... ಇದೆಲ್ಲ ಬರೀ ಗತ್ತಲ್ಲವೇ? – ನಿವೃತ್ತ ಶಿಕ್ಷಕ, ಮುಧೋಳ

ಉತ್ತರ: ಗುರುಗಳೇ, ಗತ್ತೇ. ಸುಳ್ಳೇಕೆ ಹೇಳಲಿ? ಮೊದಲ ಕಾಲದ ಪೈಲಟ್‌ಗಳು ಚರ್ಮದ ಜಾಕೆಟ್, ಗಾಗಲ್ ಹಾಕಿ ಎಣ್ಣೆ ಮೆತ್ತಿಕೊಂಡು ಇಳಿಯುತ್ತಿದ್ದರು. ಅಮೆರಿಕದ ಪ್ಯಾನ್ ಆಮ್ ಕಂಪನಿ 1930ರ ದಶಕದಲ್ಲಿ ನೀರಿನ ಮೇಲಿಳಿಯುವ ವಿಮಾನಗಳಿಗೆ ಹಡಗಿನ ಅಧಿಕಾರಿಗಳ ವೇಷವನ್ನೇ ತಂದಿತು. ಕ್ಯಾಪ್ಟನ್ ಎನ್ನುವ ಹೆಸರೂ ಹಡಗಿನದೇ. ಹೆದರಿ ಹತ್ತುವ ಪ್ರಯಾಣಿಕನಿಗೆ ಧೈರ್ಯ ಬರಲಿ ಎಂದು ಮಾಡಿದ ಗತ್ತು ಅದು.

ಕನ್ನಡಕ ಮಾತ್ರ ಬೇರೆ. ಮೋಡದ ಮೇಲೆ ಬಿಸಿಲು ಕಣ್ಣು ಕುಕ್ಕುತ್ತದೆ. ಅದರಲ್ಲೂ ಪೋಲರೈಸ್ಡ್ ಗಾಜು ನಡೆಯುವುದಿಲ್ಲ. ಅದನ್ನು ಹಾಕಿಕೊಂಡು ನೋಡಿದರೆ ಕೆಲವು ಪರದೆಗಳು ಕಪ್ಪಗೆ ಕಾಣುತ್ತವೆ. ನಂಬರಿನ ಕನ್ನಡಕ ಇರುವ ಪೈಲಟ್ ಇನ್ನೊಂದು ಜೊತೆ ಕೈಗೆಟುಕುವಲ್ಲಿ ಇಟ್ಟುಕೊಳ್ಳಲೇಬೇಕು. ನನ್ನ ಎರಡನೇ ಜೊತೆ ಈಗ ಮೊಮ್ಮಗಳದ್ದು. ಸ್ಕೂಟರ್ ಹಿಂದೆ ಕೂತು ಹಾಕಿಕೊಳ್ಳುತ್ತಾಳೆ, ಮೂಗಿಗಿಂತ ಕನ್ನಡಕವೇ ದೊಡ್ಡದು.