ಸಂಜೆ ಬೆಳಕಲ್ಲಿ ಮೆಟ್ಟುಗಾಲು ಹಕ್ಕಿ: ಐಎಸ್‌ಒ ಏರಿಸಿ
300 ಎಂಎಂ, ಎಫ್ 5.6 ಲೆನ್ಸ್‌ನಲ್ಲಿ ಸಂಜೆ ತೆಗೆದ ಮೆಟ್ಟುಗಾಲು ಹಕ್ಕಿಗಳು ಮಸುಕಾಗುತ್ತಿವೆ, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 400 ದಾಟಿಸಲು ಭಯ ಎಂದಿದ್ದೀರಿ. ಭಯ ಬೇಡ, 3200ಕ್ಕೆ ಏರಿಸಿ, ಆಗ ಶಟರ್ ವೇಗ ಹೆಚ್ಚಿಸಬಹುದು. ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು ಚುಕ್ಕೆಗಳು) ಆಮೇಲೆ ಕಡಿಮೆ ಮಾಡಬಹುದು, ಅಲುಗಿದ ಚಿತ್ರ ಸರಿಮಾಡುವುದು ತುಂಬಾ ಕಷ್ಟ. ಈ ಹಕ್ಕಿ ಸುಮ್ನೆ ನಿಲ್ಲುವುದೇ ಅಪರೂಪ. ನಡೆಯುತ್ತಾ ನೀರಿಗೆ ಕೊಕ್ಕು ಹಾಕುತ್ತಲೇ ಇರುತ್ತದೆ, ಅಲ್ವಾ? ಹಾಗಾಗಿ ಶಟರ್ ವೇಗ 1/500 ಸೆಕೆಂಡಿಗಿಂತ ಕಡಿಮೆಯಾಗದಿರಲಿ. ತಲೆ ಎತ್ತಿ ಅರೆಕ್ಷಣ ನಿಂತಾಗ, ಕ್ಯಾಮೆರಾ ಬೀನ್‌ಬ್ಯಾಗ್ (ಕಾಳು ತುಂಬಿದ ಆಸರೆ ಚೀಲ) ಮೇಲಿದ್ದರೆ, 1/125 ಕೂಡ ಸಾಕಾಗಬಹುದು. ರಾ ಫೈಲ್‌ನಲ್ಲೇ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೆಯಿರಿ. ಬೆಳಕು ಇನ್ನೂ ಇಳಿದರೆ ಗರಿಗಳ ವಿವರದ ಆಸೆ ಬಿಡಿ. ಹೊಳೆಯುವ ನೀರಿನ ಮುಂದೆ ಹಕ್ಕಿಯನ್ನು ಕಪ್ಪು ಆಕೃತಿಯಾಗಿ ಹಿಡಿಯಿರಿ. ಆ ಉದ್ದ ಕಾಲುಗಳಿಗೆ ಅದೇ ಚೆಂದ. ಫ್ಲ್ಯಾಶ್ ಮಾತ್ರ ದಯವಿಟ್ಟು ಬಳಸಬೇಡಿ, ಹಕ್ಕಿಗಳು ಬೆದರುತ್ತವೆ.