ಟರ್ಬೊ ಬದಲಿಸುವ ಮೊದಲು ಪೈಪ್ ನೋಡಿ

ಪ್ರಶ್ನೆ: ನನ್ನದು 2014ರ ಡೀಸೆಲ್ ಕಾರು, 1.3 ಲೀಟರ್ ಎಂಜಿನ್. 1,20,000 ಕಿ.ಮೀ. ಓಡಿದೆ. ಊರೊಳಗೆ ಏನೂ ತೊಂದರೆ ಇಲ್ಲ. ಮಂಗಳೂರಿನಿಂದ ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟ್ ಹತ್ತತೊಡಗಿದರೆ ಮೂರನೇ ಗೇರಿನಲ್ಲಿ ಎಳೆಯುವುದೇ ಇಲ್ಲ. 2,000 ಆರ್‌ಪಿಎಂ ದಾಟಿದರೆ ‘ಉಸ್’ ಅಂತ ಶಬ್ದ, ಹಿಂದೆ ಕಪ್ಪು ಹೊಗೆ. ಎರಡು ಸಲ ಚೆಕ್ ಎಂಜಿನ್ ಲೈಟ್ ಬಂತು. ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಸರಿ ಇರುತ್ತದೆ. ಸ್ಕ್ಯಾನರ್‌ನಲ್ಲಿ ಪಿ0299 ಕೋಡ್ ತೋರಿಸಿದೆ. ಗ್ಯಾರೇಜಿನವರು ಟರ್ಬೊ ಹೋಗಿದೆ, ₹48,000 ಆಗುತ್ತದೆ ಅಂದಿದ್ದಾರೆ. ಬದಲಿಸಲೇ? – ಓದುಗರು, ಸಕಲೇಶಪುರ

ಉತ್ತರ: ಈಗಲೇ ಬೇಡ. ಟರ್ಬೊ ಅಂದರೆ ಹೊಗೆಯ ರಭಸದಿಂದ ತಿರುಗಿ ಎಂಜಿನ್‌ಗೆ ಗಾಳಿ ಒತ್ತುವ ಪಂಪ್. ನೀವು ಬರೆದಿರುವುದನ್ನು ನೋಡಿದರೆ ಅದು ಗಾಳಿ ಒತ್ತುತ್ತಿದೆ, ಆ ಗಾಳಿ ಎಂಜಿನ್ ಸೇರುವ ಮೊದಲೇ ಎಲ್ಲೋ ಸೋರುತ್ತಿದೆ ಅನ್ನಿಸುತ್ತದೆ. ಪಿ0299 ಅಂದರೆ ‘ಬೂಸ್ಟ್ ಕಮ್ಮಿ’, ಅಂದರೆ ಟರ್ಬೊ ಒತ್ತುವ ಗಾಳಿಯ ಒತ್ತಡ ಸಾಲದು ಅಂತ ಅಷ್ಟೇ. ಯಾಕೆ ಕಮ್ಮಿ ಅಂತ ಆ ಕೋಡ್ ಹೇಳುವುದಿಲ್ಲ. ಈ ಒಂದು ಕೋಡ್ ನೋಡಿ ಒಳ್ಳೆಯ ಟರ್ಬೊ ಬಿಚ್ಚಿ ಹಾಕಿದ ಕಾರುಗಳು ನನ್ನ ಗ್ಯಾರೇಜಿಗೆ ಬರುತ್ತಲೇ ಇರುತ್ತವೆ. ಹೊಸ ಟರ್ಬೊ ಕೂತಿರುತ್ತದೆ, ತೊಂದರೆ ಹಾಗೇ ಇರುತ್ತದೆ. ಅಷ್ಟು ದುಡ್ಡು ಕೊಟ್ಟವರ ಮುಖ ನೋಡಿದಾಗ ನನಗೆ ನಿಜವಾಗಲೂ ಬೇಜಾರಾಗುತ್ತದೆ.

ಊರೊಳಗೆ ಸರಿ, ಘಾಟ್‌ನಲ್ಲಿ ಮಾತ್ರ ಯಾಕೆ ಅಂತ ನೀವು ಕೇಳಬಹುದು. ಊರೊಳಗೆ ನೀವು ಟರ್ಬೊ ಮೇಲೆ ಭಾರವನ್ನೇ ಹಾಕುವುದಿಲ್ಲ. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದಾಗ ಪೈಪ್ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಜಾಸ್ತಿಯಾಗುತ್ತದೆ. ಆಗ ರಬ್ಬರ್ ಉಬ್ಬುತ್ತದೆ, ಬಿರುಕು ಬಾಯಿ ಬಿಡುತ್ತದೆ. ನಿಂತ ಕಾರಿನಲ್ಲಿ ಅದೇ ಬಿರುಕು ಮುಚ್ಚಿಕೊಂಡಿರುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಮೇಲೆ ಹತ್ತಿದಷ್ಟೂ ಗಾಳಿಯೂ ತೆಳುವಾಗುತ್ತದೆ. ಟರ್ಬೊ ಇರುವುದೇ ಇಂಥ ಕಡೆ ಕೆಲಸಕ್ಕೆ. 1918ರಲ್ಲಿ ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ ಎಂಬ ಎಂಜಿನಿಯರ್ ವಿಮಾನದ ಎಂಜಿನ್ ಒಂದನ್ನು ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಒಯ್ದು ಟರ್ಬೊ ಪರೀಕ್ಷೆ ಮಾಡಿದ್ದು ಇದೇ ಕಾರಣಕ್ಕೆ.

ಕಪ್ಪು ಹೊಗೆಯೂ ಒಂದು ಸುಳಿವು. ಏರ್ ಫಿಲ್ಟರ್ ಡಬ್ಬಿ ದಾಟಿದ ಕೂಡಲೇ ಒಂದು ಸೆನ್ಸರ್ ಇರುತ್ತದೆ. ಒಳಗೆ ಬಂದ ಗಾಳಿಯನ್ನು ಅದು ಅಳೆಯುತ್ತದೆ. ಸೋರಿಕೆ ಇರುವುದು ಅದರ ಮುಂದೆ, ಟರ್ಬೊ ಆದ ಮೇಲೆ. ಗಾಳಿ ಪೂರ್ತಿ ಬಂದಿದೆ ಅಂದುಕೊಂಡು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಡೀಸೆಲ್ ಸುರಿಯುತ್ತದೆ. ಸಿಲಿಂಡರಿಗೆ ಮುಟ್ಟುವ ಗಾಳಿ ಕಮ್ಮಿ. ಪೂರ್ತಿ ಉರಿಯದ ಡೀಸೆಲ್ ಹೊಗೆಯಾಗಿ ಹೋಗುತ್ತದೆ. ಅದರ ಜೊತೆ ‘ಉಸ್’ ಶಬ್ದವೂ ಇದೆ ಅಂದರೆ ನನ್ನ ಮೊದಲ ಅನುಮಾನ ಹೋಸ್ ಮೇಲೆಯೇ.

ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ. ಟರ್ಬೊದಿಂದ ಇಂಟರ್‌ಕೂಲರಿಗೆ (ಆ ಗಾಳಿಯನ್ನು ತಣಿಸುವ ರೇಡಿಯೇಟರ್), ಅಲ್ಲಿಂದ ಎಂಜಿನ್ ಗಾಳಿ ಎಳೆದುಕೊಳ್ಳುವ ಇನ್‌ಟೇಕ್‌ಗೆ ಹೋಗುವ ದಪ್ಪ ಪೈಪ್‌ಗಳ ಉದ್ದಕ್ಕೂ ಕೈ ಆಡಿಸಿ. ಮೇಲ್ಮೈ ನೋಡಿ ಸುಮ್ಮನಾಗಬೇಡಿ, ಅಡಿಭಾಗ ಮುಟ್ಟಿ ನೋಡಿ. ಹೋಸ್ ಯಾವುದಾದರೂ ಬ್ರಾಕೆಟ್‌ಗೋ ಫ್ಯಾನಿನ ಚೌಕಟ್ಟಿಗೋ ಉಜ್ಜುವ ಜಾಗದಲ್ಲಿ ರಬ್ಬರ್ ಸವೆದು ಒಳಗಿನ ನೂಲು ಕಾಣುತ್ತಿರುತ್ತದೆ. ಆ ಜಾಗ ಎಣ್ಣೆ ಪಸೆಯಿಂದ ಒದ್ದೆಯಾಗಿ ಧೂಳು ಅಂಟಿ ಕಪ್ಪಗಿರುತ್ತದೆ. ಅಲ್ಲಿ ಹೋಸನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ. ಬೆರಳಗಲ ಬಿರುಕು ಬಿಟ್ಟುಕೊಂಡರೆ ನಿಮ್ಮ ₹48,000 ಉಳಿಯಿತು. ಒಳಗಡೆ ತೆಳ್ಳಗೆ ಎಣ್ಣೆ ಇದ್ದರೆ ಗಾಬರಿ ಬೇಡ, ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪ್‌ನಿಂದ ಅಷ್ಟು ಬಂದೇ ಬರುತ್ತದೆ. ಹೊರಗಡೆ ಎಣ್ಣೆ ಇದ್ದರೆ ಅಲ್ಲಿ ಗಾಳಿಯೂ ಹೊರಗೆ ಬರುತ್ತಿದೆ ಅಂತ ಅರ್ಥ.

ಕಣ್ಣಿಗೆ ಸಿಗದಿದ್ದರೆ ಪಂಕ್ಚರ್ ನೋಡುವ ಹಾಗೆಯೇ ಗಾಳಿ ತುಂಬಿ ನೋಡಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಟರ್ಬೊ ಬಾಯಿಯ ಅಳತೆಗೆ ಒಂದು ಪಿವಿಸಿ ಎಂಡ್ ಕ್ಯಾಪ್ ತನ್ನಿ. ಅದಕ್ಕೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ. ಏರ್ ಫಿಲ್ಟರಿನಿಂದ ಬರುವ ಹೋಸನ್ನು ಟರ್ಬೊ ಬಾಯಲ್ಲಿ ಬಿಚ್ಚಿ, ಗಿಡ್ಡ ರಬ್ಬರ್ ತುಂಡು ಮತ್ತು ಕ್ಲಿಪ್ ಹಾಕಿ ಈ ಮುಚ್ಚಳ ಬಿಗಿಯಿರಿ. ಬ್ರೀದರ್ ಪೈಪ್ ನಿಮ್ಮ ಮುಚ್ಚಳದಿಂದ ಎಂಜಿನ್ ಕಡೆಗೆ ಬಂದು ಸೇರುತ್ತಿದ್ದರೆ ಅದನ್ನೂ ಮುಚ್ಚಲೇಬೇಕು. ಇಲ್ಲದಿದ್ದರೆ ಗಾಳಿ ಎಂಜಿನ್ ಹೊಟ್ಟೆಗೆ ತುಂಬಿ ಆಯಿಲ್ ಸೀಲ್ ಕಿತ್ತುಬರಬಹುದು. ಕಂಪ್ರೆಸರಿನಲ್ಲಿ ಮೊದಲು 5 ಪಿಎಸ್‌ಐ ಬಿಟ್ಟು ನೋಡಿ, ಆಮೇಲೆ ನಿಧಾನಕ್ಕೆ 15ರವರೆಗೆ ಹೋಗಿ. ಅದಕ್ಕಿಂತ ಜಾಸ್ತಿ ಬೇಡ. ಜಾರಿದ ಹೋಸ್ ಬಡಿಯುತ್ತದೆ, ಮುಖ ದೂರ ಇಟ್ಟುಕೊಳ್ಳಿ. ಈಗ ಪ್ರತಿ ಜಾಯಿಂಟಿಗೆ ಸೋಪಿನ ನೀರು ಸಿಂಪಡಿಸಿ. ವಾಲ್ವ್ ತೆರೆದು ನಿಂತ ಸಿಲಿಂಡರ್ ಮೂಲಕ ಒಂದಿಷ್ಟು ಗಾಳಿ ಹೋಗುವುದು ಸಹಜ, ಅದಕ್ಕೆ ಗೇಜಿನ ಮುಳ್ಳು ಮೆಲ್ಲಗೆ ಇಳಿಯುತ್ತದೆ. ಒಂದೇ ಜಾಗದಲ್ಲಿ ನೊರೆ ಎದ್ದರೆ ಕಳ್ಳ ಸಿಕ್ಕ.

ಹೋಸ್‌ಗಳೆಲ್ಲ ಸರಿ ಇದ್ದರೆ ಇಂಟರ್‌ಕೂಲರ್ ನೋಡಿ. ಅದರ ಎರಡೂ ತುದಿಯ ಪ್ಲಾಸ್ಟಿಕ್ ಡಬ್ಬಿಗಳನ್ನು ಅಲ್ಯೂಮಿನಿಯಂಗೆ ಮಡಚಿ ಕೂರಿಸಿರುತ್ತಾರೆ. ಆ ಮಡಿಕೆಯಲ್ಲಿ ಸೋರುವುದುಂಟು.

ಹೋಸ್ ಹರಿದಿದ್ದರೆ ಟೇಪ್ ಸುತ್ತುವುದು, ಎಂ-ಸೀಲ್ ಮೆತ್ತುವುದು ಬೇಡ. ಬಿಸಿಗೂ ಎಣ್ಣೆಗೂ ಅದು ನಿಲ್ಲುವುದಿಲ್ಲ, ಮುಂದಿನ ಘಾಟ್‌ನಲ್ಲೇ ಬಿಟ್ಟುಕೊಳ್ಳುತ್ತದೆ. ಕಂಪನಿ ಅಳತೆಯ ಹೋಸ್ ಹಾಕಿಸಿ. ಕ್ಲಿಪ್ ಅತಿಯಾಗಿ ಬಿಗಿದರೂ ರಬ್ಬರ್ ಕತ್ತರಿಸುತ್ತದೆ.

ಇಷ್ಟೆಲ್ಲ ಸರಿ ಇದ್ದೂ ಬೂಸ್ಟ್ ಬರದಿದ್ದರೆ ನಿಮ್ಮ ಟರ್ಬೊ ಯಾವ ಥರದ್ದು ಅಂತ ತಿಳಿಯಬೇಕು. ಈ 1.3 ಲೀಟರ್ ಎಂಜಿನ್ 75 ಮತ್ತು 90 ಹಾರ್ಸ್‌ಪವರಿನಲ್ಲಿ ಬಂದಿದೆ. 75ರದ್ದಕ್ಕೆ ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು) ಇರುವ ಸಾದಾ ಟರ್ಬೊ, 90ರದ್ದಕ್ಕೆ ರೆಕ್ಕೆಗಳ ಕೋನ ಬದಲಿಸುವ ವಿಜಿಟಿ. ವಿಜಿಟಿಯ ರೆಕ್ಕೆಗಳನ್ನು ವ್ಯಾಕ್ಯೂಮ್‌ನಿಂದ ಎಳೆಯುವ ವ್ಯವಸ್ಥೆ ಇದ್ದರೆ, ಒಬ್ಬರು ಸ್ಟಾರ್ಟ್ ಮಾಡಲಿ, ನೀವು ರೆಕ್ಕೆಗಳನ್ನು ಎಳೆಯುವ ಆಕ್ಚುಯೇಟರ್ ಡಬ್ಬಿಯ ಕಡ್ಡಿ ನೋಡಿ. ಸ್ಟಾರ್ಟ್ ಆದ ಕೂಡಲೇ ಅದು ಸರಾಗವಾಗಿ ಎಳೆದುಕೊಳ್ಳಬೇಕು, ಆಫ್ ಮಾಡಿದರೆ ವಾಪಸ್ ಬರಬೇಕು. ಅಲುಗಾಡದಿದ್ದರೆ ಪೆನ್ಸಿಲ್ ದಪ್ಪದ ವ್ಯಾಕ್ಯೂಮ್ ಹೋಸ್‌ಗಳನ್ನು ಪೂರ್ತಿ ಹುಡುಕಿ. ನಮ್ಮ ಮಲೆನಾಡಿನ ಕಡೆ ತೋಟದ ಶೆಡ್ಡಿನಲ್ಲಿ ಕಾರು ನಿಲ್ಲಿಸುವವರಿಗೆ ಇದನ್ನು ಒತ್ತಿ ಹೇಳುತ್ತೇನೆ: ಇಲಿಗೆ ಈ ಹೋಸ್ ಅಂದರೆ ಬಹಳ ಇಷ್ಟ. ಹಲ್ಲಿನ ಗುರುತು ಸಣ್ಣದಾಗಿರುತ್ತದೆ, ಟಾರ್ಚ್ ಬೇಕು. ಹೋಸ್ ಸರಿ ಇದ್ದರೆ ಹ್ಯಾಂಡ್ ಪಂಪ್‌ನಿಂದ ಆಕ್ಚುಯೇಟರಿಗೆ ನೇರ ವ್ಯಾಕ್ಯೂಮ್ ಕೊಟ್ಟು ನೋಡಲಿ. ಪಂಪಿನ ಗೇಜಿನ ಮುಳ್ಳು ಇಳಿದರೆ ಒಳಗಿನ ರಬ್ಬರ್ ಪರದೆ (ಡಯಾಫ್ರಂ) ಹರಿದಿದೆ. ಮುಳ್ಳು ನಿಂತು ಕಡ್ಡಿ ಮಾತ್ರ ಅಲ್ಲಾಡದಿದ್ದರೆ ಒಳಗೆ ಮಸಿ ಕಟ್ಟಿ ರೆಕ್ಕೆ ಹಿಡಿದಿದೆ. ವೇಸ್ಟ್‌ಗೇಟ್ ಟರ್ಬೊ ಆದರೆ ಅದರ ಬಾಗಿಲು ಪೂರ್ತಿ ಮುಚ್ಚುತ್ತಿದೆಯಾ ಅಂತ ನೋಡಬೇಕು.

ಸ್ಕ್ಯಾನರ್ ಇರುವ ಮೆಕ್ಯಾನಿಕ್ ಸಿಕ್ಕರೆ ಕೋಡ್ ಓದಿಸಿ ಬಿಡಬೇಡಿ, ಲೈವ್ ಡೇಟಾ ಹಾಕಿಸಿ. ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ ಬೂಸ್ಟ್ ಸೆನ್ಸರ್ ಎಷ್ಟು ತೋರಿಸುತ್ತದೆ ನೋಡಿ. ಅದು ಊರಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ 1,010 ಮಿಲಿಬಾರ್ ಹತ್ತಿರ, ನಿಮ್ಮ ಸಕಲೇಶಪುರದಲ್ಲಿ 900ರ ಆಸುಪಾಸು. ಬಹಳ ವ್ಯತ್ಯಾಸ ಇದ್ದರೆ ಸೆನ್ಸರ್ರೇ ತಪ್ಪು ಹೇಳುತ್ತಿದೆ. ಆಮೇಲೆ ಏರು ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 1,500ರಿಂದ 3,500ರವರೆಗೆ ಎಳೆಸಿ, ಎಂಜಿನ್ ಕೇಳಿದ ಬೂಸ್ಟ್ ಎಷ್ಟು, ಸಿಕ್ಕಿದ್ದೆಷ್ಟು ಅಂತ ರೆಕಾರ್ಡ್ ಮಾಡಿಸಿ. ನೀವು ಓಡಿಸಿ, ಸ್ಕ್ರೀನ್ ಅವರು ನೋಡಲಿ. ಒತ್ತಡ ಏರಿದ ಹಾಗೆ ಅಂತರವೂ ಹಿಗ್ಗುತ್ತಾ ಹೋದರೆ ಸಾಮಾನ್ಯವಾಗಿ ಸೋರಿಕೆ. ಮೊದಲಿನಿಂದಲೇ ಏಳದೆ ಮಲಗಿದ್ದರೆ ಆಕ್ಚುಯೇಟರ್, ತೆರೆದು ಅಂಟಿಕೊಂಡ ಇಜಿಆರ್ ವಾಲ್ವ್ (ಹೊಗೆಯಲ್ಲಿ ಒಂದಿಷ್ಟನ್ನು ಎಂಜಿನ್‌ಗೇ ವಾಪಸ್ ಬಿಡುವುದು), ಕಟ್ಟಿಕೊಂಡ ಸೈಲೆನ್ಸರ್ ಕಡೆ ಹೋಗಿ. ಏರ್ ಫಿಲ್ಟರ್ ಮಾತ್ರ ಇವತ್ತೇ ತೆಗೆದು ನೋಡಿ.

ಟರ್ಬೊ ಸರದಿ ಕೊನೆಗೆ. ಆಫ್ ಆಗಿ ತಣ್ಣಗಾದ ಮೇಲೆ ಬಾಯೊಳಗೆ ಬೆರಳು ಹಾಕಿ ಚಕ್ರದ ನಟ್ ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕಕ್ಕೆ ತುಸು ಆಟ ಇರುತ್ತದೆ, ಅದು ದೋಷವಲ್ಲ. ಇದನ್ನೇ ತೋರಿಸಿ ‘ಟರ್ಬೊ ಹೋಗಿದೆ’ ಅನ್ನುವವರಿದ್ದಾರೆ. ಹಿಂದೆ ಮುಂದೆ ಆಟ ಕೈಗೆ ಸಿಕ್ಕರೆ, ರೆಕ್ಕೆ ಗೋಡೆಗೆ ತಾಗಿದ ಗೀರು ಇದ್ದರೆ, ಆಗ ಬದಲಿಸಲು ಒಪ್ಪಿ. ಒಪ್ಪುವಾಗಲೂ ಆಯಿಲ್ ಬರುವ ಸಣ್ಣ ಪೈಪನ್ನು ಹೊಸದಾಗಿ ಹಾಕಿಸಿ, ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಹಳೆಯದನ್ನು ಕೊಂದದ್ದು ಆಯಿಲ್ ಕೊರತೆ ಆಗಿದ್ದರೆ ಹೊಸದನ್ನೂ ಬಿಡುವುದಿಲ್ಲ.

ಅಲ್ಲಿಯವರೆಗೆ ಕಾರನ್ನು ಮೆಲ್ಲಗೆ ಓಡಿಸಿ, ಲೋಡ್ ಹಾಕಿಕೊಂಡು ಘಾಟ್ ಹತ್ತಬೇಡಿ. ಸೋರುವ ಪೈಪ್ ಇಟ್ಟುಕೊಂಡು ಎಳೆಸಿದರೆ ಬೂಸ್ಟ್ ತುಂಬಿಸಲು ಟರ್ಬೊ ಇನ್ನೂ ಜೋರಾಗಿ ಸುತ್ತುತ್ತದೆ. ಆಗ ಚೆನ್ನಾಗಿರುವ ಟರ್ಬೊ ಕೂಡ ಹಾಳಾಗುತ್ತದೆ.

ಪ್ರಶ್ನೆ: ನನ್ನ ಪೆಟ್ರೋಲ್ ಟರ್ಬೊ ಕಾರಿಗೆ ಕಾಲು ತೆಗೆದಾಗ ‘ಟುಸ್’ ಅನ್ನುವ ವಾಲ್ವ್ ಹಾಕಿಸಿದೆ. ಈಗ ಗೇರ್ ಬದಲಿಸುವಾಗ ಜರ್ಕ್ ಹೊಡೆಯುತ್ತದೆ. – ಓದುಗರು, ದಾವಣಗೆರೆ

ಉತ್ತರ: ಮೊದಲಿದ್ದ ವಾಲ್ವ್ ಗಾಳಿಯನ್ನು ಟರ್ಬೊ ಹಿಂದಕ್ಕೆ ವಾಪಸ್ ಬಿಡುತ್ತಿತ್ತು. ಹೊಸದು ಹೊರಗೆ ಬಿಡುತ್ತಿದೆ. ಏರ್ ಫಿಲ್ಟರ್ ಪಕ್ಕ ಗಾಳಿ ಅಳೆಯುವ ಸೆನ್ಸರ್ ಇದ್ದರೆ, ಹೊರಗೆ ಹೋದ ಗಾಳಿಗೂ ಸೇರಿಸಿ ಪೆಟ್ರೋಲ್ ಬೀಳುತ್ತದೆ. ಜರ್ಕ್ ಅದರಿಂದ. ಆ ಸೆನ್ಸರ್ ಇಲ್ಲದ ಎಂಜಿನ್ ಆದರೆ ವಾಲ್ವಿನ ಸ್ಪ್ರಿಂಗ್ ಸಡಿಲವಾಗಿ ಬೂಸ್ಟ್ ಸೋರುತ್ತಿರಬಹುದು. ಎರಡಕ್ಕೂ ಮದ್ದು ಒಂದೇ: ಹಳೆಯ ವಾಲ್ವ್ ಹಾಕಿಸಿ.

ಪ್ರಶ್ನೆ: ಟರ್ಬೊ ಕಾರು ಆಫ್ ಮಾಡುವ ಮೊದಲು ಐಡಲ್ ಬಿಡಲೇಬೇಕಾ? – ಓದುಗರು, ಶಿರಸಿ

ಉತ್ತರ: ಪೇಟೆಗೆ ಹೋಗಿ ಬಂದರೆ ಬೇಡ. ಘಾಟ್ ಹತ್ತಿ ಅಥವಾ ಹೈವೇಯಲ್ಲಿ ಜೋರಾಗಿ ಬಂದು ನೇರ ಹೋಟೆಲ್ ಮುಂದೆ ನಿಲ್ಲಿಸಿದರೆ ಒಂದು ನಿಮಿಷ ಓಡಲು ಬಿಡಿ. ಟರ್ಬೊ ಕೆಂಪಗೆ ಕಾದಿರುತ್ತದೆ, ಥಟ್ಟನೆ ಆಯಿಲ್ ನಿಂತರೆ ಬೇರಿಂಗ್ ಹತ್ತಿರ ಉಳಿದ ಆಯಿಲ್ ಸುಟ್ಟು ಗಟ್ಟಿಯಾಗುತ್ತದೆ. ಕಂಪನಿ ಹೇಳಿದ ಗ್ರೇಡ್ ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸುವುದು ಇದಕ್ಕಿಂತಲೂ ಮುಖ್ಯ.