ದಿನಾ ಬಸ್ಸಿನಲ್ಲಿ ಓಡಾಡುವವರಿಗೆ 5,000 ರೂಪಾಯಿ ಒಳಗೆ ಒಳ್ಳೆಯ ವೈರ್‌ಲೆಸ್ ಹೆಡ್‌ಫೋನ್ ಯಾವುದು?

ನೀವು ಬರೆದದ್ದು ಇಷ್ಟು: ದಿನಾ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಬರುತ್ತೀರಿ. ಕನ್ನಡಕ ಇದೆ. ಆಫೀಸಿನಲ್ಲಿ ಲ್ಯಾಪ್‌ಟಾಪ್ ಮೀಟಿಂಗ್ ಇರುತ್ತದೆ. ಸೌಂಡ್ ಚೆನ್ನಾಗಿರಬೇಕು, ಕಿವಿ ನೋಯಬಾರದು, ಬಜೆಟ್ ಐದು ಸಾವಿರ. ನಾನೂ ಆ ದಾರಿಯವನೇ, ಹತ್ತುವುದು ಮಾತ್ರ ಪಡುಬಿದ್ರಿಯಲ್ಲಿ.

ಮೊದಲು ಉತ್ತರ. ಒಂದೇ ಒಂದು ಸಾಕು ಅಂತಾದರೆ ಸೋನಿ ಡಬ್ಲ್ಯೂಎಚ್-ಸಿಎಚ್520 ತೆಗೆದುಕೊಳ್ಳಿ. ಆದರೆ ನನ್ನನ್ನು ಕೇಳಿದರೆ ಐದು ಸಾವಿರವನ್ನು ಒಂದಕ್ಕೇ ಸುರಿಯಬೇಡಿ. ಬಸ್ಸಿಗೆ ಒಂದು ನೆಕ್‌ಬ್ಯಾಂಡ್, ಅಂದರೆ ಕುತ್ತಿಗೆಗೆ ಹಾಕಿ ಕಿವಿಯೊಳಗೆ ತೂರಿಸುವ ಇಯರ್‌ಫೋನ್, ಆಫೀಸಿಗೆ ಒಂದು ಹಗುರ ಹೆಡ್‌ಫೋನ್. ಅಂಗಡಿಯವರು, ಯೂಟ್ಯೂಬಿನವರು ಎಲ್ಲ ಹೇಳುವುದು ಬ್ಯಾಟರಿ, ಬ್ಲೂಟೂತ್ ವರ್ಷನ್, ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್) ಸೈಜು. ನಮ್ಮ ಊರಿನಲ್ಲಿ ನೋಡಬೇಕಾದದ್ದು ಅದು ಕಿವಿಯನ್ನು ಹೇಗೆ ಮುಚ್ಚುತ್ತದೆ ಅಂತ. ಸೌಂಡೂ ಅದರ ಮೇಲೆ, ಆರಾಮವೂ ಅದರ ಮೇಲೆ.

ನಮ್ಮ ಎಕ್ಸ್‌ಪ್ರೆಸ್ ಬಸ್ಸು ನಿಮಗೆ ಗೊತ್ತಲ್ಲ. ಎಂಜಿನ್ ಗುಂಯ್ ಅನ್ನುತ್ತಲೇ ಇರುತ್ತದೆ, ಕಿಟಕಿ ಗಾಜು ಗಡಗಡ, ಮೇಲೆ ಕಂಡಕ್ಟರ್ ಸೀಟಿ, ಆ ಹಾರ್ನ್ ಬಗ್ಗೆ ಮಾತೇ ಬೇಡ ಮಾರಾಯ್ರೆ. ಎಂಜಿನ್ ಸದ್ದು ತಗ್ಗು ಸ್ವರದ್ದು. ಹಾಡಿನ ಬೇಸ್ ಇರುವುದೂ ಅಲ್ಲೇ. ಹಾಗಾಗಿ ಬಸ್ಸಿನಲ್ಲಿ ಮೊದಲು ಕಾಣೆಯಾಗುವುದು ಬೇಸ್. ನಾವು ವಾಲ್ಯೂಮ್ ಏರಿಸುತ್ತೇವೆ. ಹೆಜಮಾಡಿ ಟೋಲ್‌ನಲ್ಲಿ ಬಸ್ಸು ಒಂದು ಗಳಿಗೆ ನಿಂತಾಗ ಗೊತ್ತಾಗುತ್ತದೆ, ಎಷ್ಟು ಜೋರಾಗಿ ಕೇಳುತ್ತಿದ್ದೆವು ಅಂತ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬೆಲ್ ಆದರೆ 4 ಗಂಟೆ ಮಾತ್ರ. ಹೋಗಿ ಬರುವುದಕ್ಕೇ ದಿನಕ್ಕೆ ಮೂರು ಗಂಟೆ ಆಗುವವರಿಗೆ ಈ 4 ಗಂಟೆ ಮಂಗಳವಾರವೇ ಮುಗಿಯುತ್ತದೆ.

ಕಿವಿಯ ಮೇಲೆ ಕೂರುವ ಸಣ್ಣ ಹೆಡ್‌ಫೋನ್, ಅಂದರೆ ಆನ್-ಇಯರ್, ಹೊರಗಿನ ಸದ್ದನ್ನು ಅಷ್ಟಾಗಿ ತಡೆಯುವುದಿಲ್ಲ. ಸಿಎಚ್520 ಕೂಡ ಅದೇ ಜಾತಿ. ಕಿವಿಯನ್ನು ಪೂರ್ತಿ ಸುತ್ತುವ ಓವರ್-ಇಯರ್ ಸ್ವಲ್ಪ ವಾಸಿ. ಆದರೆ ಕನ್ನಡಕದ ಕಡ್ಡಿ ಪ್ಯಾಡನ್ನು ಎತ್ತಿ ಹಿಡಿದು ಒಂದು ಸಂದು ಮಾಡುತ್ತದೆ. ಆ ಸಂದಿನಲ್ಲಿ ಎಂಜಿನ್ ಸದ್ದು ಒಳಗೆ ಬರುತ್ತದೆ, ಹಾಡಿನ ಬೇಸ್ ಹೊರಗೆ ಹೋಗುತ್ತದೆ. ಕಿವಿಯೊಳಗೆ ಹೋಗುವ ಸಿಲಿಕಾನ್ ಟಿಪ್‌ಗೆ ಈ ರಗಳೆ ಇಲ್ಲ. ಸರಿಯಾದ ಸೈಜಿನ ಟಿಪ್ ಹಾಕಿದರೆ ಸಾಕು, ಸಾವಿರದ ಚಿಲ್ಲರೆ ರೂಪಾಯಿಯ ನೆಕ್‌ಬ್ಯಾಂಡೂ ಬಸ್ಸಿನಲ್ಲಿ ಐದು ಸಾವಿರದ ಹೆಡ್‌ಫೋನ್‌ಗಿಂತ ಚೆನ್ನಾಗಿ ಕೇಳಿಸುತ್ತದೆ. ಡಬ್ಬದಲ್ಲಿ ಮೂರು ಸೈಜಿನ ಟಿಪ್ ಇರುತ್ತದೆ, ಜಾಸ್ತಿ ಜನ ಹಾಕಿ ಬಂದದ್ದನ್ನೇ ಉಪಯೋಗಿಸುತ್ತಾರೆ. ಬದಲಾಯಿಸಿ ನೋಡಿ. ಎಡಕ್ಕೊಂದು ಸೈಜು, ಬಲಕ್ಕೊಂದು ಸೈಜು ಬೇಕಾದರೂ ಆಶ್ಚರ್ಯ ಇಲ್ಲ.

ಇನ್ನು ಸೆಕೆ. ಬೆಂಗಳೂರಿನಲ್ಲಿ ಕೂತು ರಿವ್ಯೂ ಮಾಡುವವರಿಗೆ ಇದು ತಲೆಗೇ ಹೋಗುವುದಿಲ್ಲ. ಏಪ್ರಿಲ್‌ನಲ್ಲಿ ಸುರತ್ಕಲ್ ಹತ್ತಿರ ಟ್ರಾಫಿಕ್‌ನಲ್ಲಿ ಬಸ್ಸು ನಿಂತಿರುವಾಗ ದಪ್ಪ ಕುಶನ್ ಕಿವಿಗೆ ಏರಿಸಿಕೊಂಡು ನೋಡಿ, ಐದು ನಿಮಿಷಕ್ಕೆ ಕಿವಿ ಒದ್ದೆ. ಅಗ್ಗದ ಹೆಡ್‌ಫೋನ್‌ಗಳ ಪ್ಯಾಡ್ ಸಾಮಾನ್ಯವಾಗಿ ಪಾಲಿಯುರೆಥೇನ್‌ನದ್ದು, ನೋಡಲು ಚರ್ಮದ ಹಾಗೆ. ಗಾಳಿಯ ತೇವ, ಮೈ ಬೆವರು ತಾಗಿ ತಾಗಿ ಅದು ಒಳಗಿನಿಂದಲೇ ಒಡೆಯುತ್ತದೆ. ಒಂದು ದಿನ ನೋಡಿದರೆ ಕೆನ್ನೆ ಮೇಲೆ ಕಪ್ಪು ಚೂರು! ಮಳೆಗಾಲದಲ್ಲಿ ಕಪಾಟಿನೊಳಗೆ ಇಟ್ಟರೆ ಬೂಸ್ಟು ಬೇರೆ. ಇದು ಕಂಪನಿಯ ತಪ್ಪು ಅನ್ನುವುದಕ್ಕಿಂತ ನಮ್ಮ ಹವೆಯ ಗುಣ. ಆದ್ದರಿಂದ ತುಂಬಾ ಜನ ತೆಗೆದುಕೊಂಡಿರುವ ಮಾಡೆಲನ್ನೇ ಆರಿಸಿ. ಅಂಥದ್ದಕ್ಕೆ ಬದಲಿ ಪ್ಯಾಡ್ ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹೆಸರೇ ಕೇಳದ ಬ್ರಾಂಡಿನದ್ದಾದರೆ ಪ್ಯಾಡ್ ಹೋದ ದಿನ ಹೆಡ್‌ಫೋನೂ ಹೋದ ಹಾಗೆ. ಬಟ್ಟೆಯ ಪ್ಯಾಡ್ ಸಿಕ್ಕರೆ ಇನ್ನೂ ಒಳ್ಳೆಯದು. ಸದ್ದು ತಡೆಯುವುದು ಸ್ವಲ್ಪ ಕಡಿಮೆ, ಆದರೆ ಸಿಪ್ಪೆ ಏಳುವುದಿಲ್ಲ. ಹಾಕಿ ತೆಗೆದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಗಾಳಿಗೆ ಸ್ವಲ್ಪ ಹೊತ್ತು ಇಡಿ. ಒದ್ದೆ ಇರುವಾಗಲೇ ಪೌಚ್‌ಗೆ ತುರುಕಬೇಡಿ.

ನೆಕ್‌ಬ್ಯಾಂಡ್ ಆದರೆ ಐಪಿ ರೇಟಿಂಗ್ ನೋಡಿ, ಧೂಳು, ನೀರು ಎಷ್ಟು ತಡೆಯುತ್ತದೆ ಅಂತ ಹೇಳುವ ಅಳತೆ ಅದು. ಐಪಿಎಕ್ಸ್4 ಅಂದರೆ ಯಾವ ಕಡೆಯಿಂದ ನೀರು ಸಿಡಿದರೂ ತಡೆಯುತ್ತದೆ, ಬೆವರಿಗೆ ಅಷ್ಟು ಸಾಕು. ಒನ್‌ಪ್ಲಸ್ ಬುಲೆಟ್ಸ್ ವೈರ್‌ಲೆಸ್ ಝಡ್2 ಅನ್ನುವ ನೆಕ್‌ಬ್ಯಾಂಡ್ ಐಪಿ55, ಧೂಳಿಗೂ ನೀರಿಗೂ ತಡೆ ಇದೆ. ಅದು 2022ರಲ್ಲಿ 1,999 ರೂಪಾಯಿಗೆ ಬಂತು, ಕಂಪನಿ ಹೇಳುವ ಬ್ಯಾಟರಿ 30 ಗಂಟೆ. ಅದರಲ್ಲಿ ಬೇಸ್ ಜಾಸ್ತಿ. ಮನೆಯಲ್ಲಿ ಕೇಳಿದರೆ ಅತಿ ಅನ್ನಿಸುತ್ತದೆ, ಬಸ್ಸಿನಲ್ಲಿ ಸರಿಹೋಗುತ್ತದೆ. ಪೂರ್ತಿ ವೈರ್ ಇಲ್ಲದ ಇಯರ್‌ಬಡ್ ನಾನು ಬಸ್ಸಿಗೆ ಹೇಳುವುದಿಲ್ಲ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡ್‌ನಲ್ಲಿ ಇಳಿಯುವ ನೂಕಾಟದಲ್ಲಿ ಒಂದು ಬಿದ್ದರೆ ಹುಡುಕುವುದು ಯಾರು? ಬಸ್ಸಿಳಿದು ಸ್ಕೂಟರ್ ಹತ್ತುವವರಾದರೆ ಯಾವುದೇ ಆಗಲಿ, ತೆಗೆದು ಬ್ಯಾಗಿಗೆ ಹಾಕಿ.

ಸೌಂಡ್ ಚೆನ್ನಾಗಿದೆಯಾ ಅಂತ ನೋಡುವುದು ಹೇಗೆ? ಡ್ರೈವರ್ 40 ಎಂಎಂ, 50 ಎಂಎಂ ಅಂತ ಡಬ್ಬದ ಮೇಲೆ ದೊಡ್ಡದಾಗಿ ಹಾಕಿರುತ್ತಾರೆ. ಸಿಎಚ್520 ಒಳಗಿರುವುದು 30 ಎಂಎಂ ಮಾತ್ರ, ಆದರೂ 50 ಎಂಎಂ ಅಂತ ಬೊಬ್ಬೆ ಹೊಡೆಯುವ ಎಷ್ಟೋ ಹೆಡ್‌ಫೋನ್‌ಗಳಿಗಿಂತ ಸ್ಪಷ್ಟ. ನನ್ನ ಪರೀಕ್ಷೆ ಯಕ್ಷಗಾನ. ತೆಂಕುತಿಟ್ಟಿನ ಒಂದು ಒಳ್ಳೆಯ ರೆಕಾರ್ಡಿಂಗ್ ಹಾಕಿ. ಭಾಗವತರ ಸ್ವರ ಏರಿದಾಗ ಪದ್ಯದ ಅಕ್ಷರ ಬಿಡಿಬಿಡಿಯಾಗಿ ಕೇಳಬೇಕು. ಮದ್ದಳೆಯ ಪೆಟ್ಟು ದುಂಡಗೆ ಬರಬೇಕು, ಗುಮ್ ಅಂತ ಊದಿಕೊಳ್ಳಬಾರದು. ಚೆಂಡೆ ಬಿದ್ದಾಗ ಮೊನಚು ಬೇಕು, ಆದರೆ ಚಕ್ರತಾಳ ಕಿವಿಗೆ ಚುಚ್ಚಬಾರದು. ಬೇಸ್ ತುಂಬಿಸಿದ ಹೆಡ್‌ಫೋನ್‌ನಲ್ಲಿ ಮದ್ದಳೆ ಭಾಗವತರನ್ನು ನುಂಗಿಬಿಡುತ್ತದೆ. ಡಿಜೆ ಹಾಡು ಹಾಕಿ ನೋಡಿದರೆ ಈ ದೋಷ ಗೊತ್ತೇ ಆಗುವುದಿಲ್ಲ, ಅಂಗಡಿಯಲ್ಲಿ ಯಾವಾಗಲೂ ಹಾಕುವುದು ಅದನ್ನೇ! ನಿಮಗೆ ಯಕ್ಷಗಾನ ಬೇಡ ಅಂದರೆ ನಿಮಗೆ ಬಾಯಿಪಾಠ ಇರುವ ಯಾವುದಾದರೂ ಹಾಡು. ಹೊಸ ಹಾಡಿನಲ್ಲಿ ಪರೀಕ್ಷೆ ಮಾಡಬೇಡಿ.

ಕೋಡೆಕ್, ಅಂದರೆ ಬ್ಲೂಟೂತ್‌ನಲ್ಲಿ ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನ, ಅದರ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಎಸ್‌ಬಿಸಿ ಎಲ್ಲದರಲ್ಲೂ ಇರುತ್ತದೆ, ಎಎಸಿ ಇದ್ದರೆ ಒಳ್ಳೆಯದು. ಹೆಚ್ಚು ಗುಣಮಟ್ಟದ್ದು ಅನ್ನುವ ಎಲ್‌ಡಿಎಸಿ ಐಫೋನ್‌ನಲ್ಲಿ ಇಲ್ಲವೇ ಇಲ್ಲ.

ಮೀಟಿಂಗ್ ಬಗ್ಗೆ ಒಂದು ಮುಖ್ಯ ವಿಷಯ. ಹಾಡು ಚೆಂದ ಕೇಳುತ್ತಿದ್ದ ಹೆಡ್‌ಫೋನ್ ಲ್ಯಾಪ್‌ಟಾಪ್‌ನಲ್ಲಿ ಮೀಟಿಂಗ್ ಶುರುವಾದ ಕೂಡಲೇ ಹಳೇ ಲ್ಯಾಂಡ್‌ಲೈನ್ ಹಾಗೆ ಆಗುತ್ತದೆ. ಜನ ಪೀಸ್ ಹಾಳಾಗಿದೆ ಅಂತ ವಾಪಸ್ ಕೊಡುತ್ತಾರೆ. ಹಾಳಾಗಿಲ್ಲ. ಹೆಡ್‌ಫೋನ್‌ನ ಮೈಕ್ ಆನ್ ಆದಾಗ ಮಾಮೂಲಿ ಬ್ಲೂಟೂತ್ ಹಾಡಿನ ಮೋಡ್ ಬಿಟ್ಟು ಕರೆಯ ಮೋಡ್‌ಗೆ ಹೋಗುತ್ತದೆ. ಅದರಲ್ಲಿ ಸ್ಟೀರಿಯೋ ಇಲ್ಲ, ಗುಣಮಟ್ಟವೂ ಕಡಿಮೆ. ಪರಿಹಾರ ಸುಲಭ: ಮೀಟಿಂಗ್ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಮೈಕ್ ಲ್ಯಾಪ್‌ಟಾಪ್‌ನದ್ದು, ಸ್ಪೀಕರ್ ಹೆಡ್‌ಫೋನ್‌ನದ್ದು ಅಂತ ಆರಿಸಿ. ಆಫೀಸ್ ಗಲಾಟೆ ಜಾಸ್ತಿ ಇದ್ದರೆ ಮಾತ್ರ ಹೆಡ್‌ಫೋನ್ ಮೈಕ್. ಮತ್ತೆ ಮಲ್ಟಿಪಾಯಿಂಟ್ ಇರುವುದನ್ನೇ ನೋಡಿ, ಫೋನೂ ಲ್ಯಾಪ್‌ಟಾಪೂ ಒಟ್ಟಿಗೆ ಕನೆಕ್ಟ್ ಆಗಿರುತ್ತದೆ. ಸಿಎಚ್520ರಲ್ಲಿ ಇದು ಇದೆ. ತೂಕ 147 ಗ್ರಾಂ, ಬ್ಯಾಟರಿ 50 ಗಂಟೆ, 2023ರಲ್ಲಿ ಬಂದಾಗ ಬೆಲೆ 4,490. ವೈರ್ ಚುಚ್ಚುವ ಜಾಗ ಇಲ್ಲ, ಅದೊಂದು ಕೊರತೆ. ಜೆಬಿಎಲ್ ಟ್ಯೂನ್ 520ಬಿಟಿ ಕೂಡ ಇದೇ ಸಾಲಿನದ್ದು, 57 ಗಂಟೆ ಬ್ಯಾಟರಿ. ಬೇಸ್ ಇಷ್ಟ ಆದರೆ ಅದು.

ಡಬ್ಬದ ಮೇಲೆ ಇಎನ್‌ಸಿ ಅಂತ ಇದ್ದರೆ ಮೋಸ ಹೋಗಬೇಡಿ. ಅದು ನಿಮ್ಮ ಮಾತು ಆಚೆಯವರಿಗೆ ಸ್ಪಷ್ಟ ಕೇಳಲಿ ಅಂತ ಇರುವುದು. ನಿಮ್ಮ ಕಿವಿಗೆ ಬರುವ ಸದ್ದು ಕಡಿಮೆ ಮಾಡುವುದು ಎಎನ್‌ಸಿ. ಎಎನ್‌ಸಿ ಎಂಜಿನ್, ಫ್ಯಾನ್, ಎಸಿಯಂಥ ಒಂದೇ ಸಮನೆ ಬರುವ ಸದ್ದಿಗೆ ಸರಿ, ಹಾರ್ನ್‌ಗೆ ಅಷ್ಟೇನೂ ಇಲ್ಲ. ಸೋನಿ ಸಿಎಚ್720ಎನ್‌ನಲ್ಲಿ ಚೆನ್ನಾಗಿದೆ, ಆದರೆ ಅದು ಬಂದದ್ದೇ 9,990ಕ್ಕೆ. ನಿಮ್ಮ ಬಜೆಟ್‌ನಲ್ಲಿ ಎಎನ್‌ಸಿ ಆಸೆಗೆ ಸೌಂಡ್ ಬಿಟ್ಟುಕೊಡುವುದು ನನಗೆ ಸರಿ ಕಾಣುವುದಿಲ್ಲ.

ತೆಗೆದುಕೊಳ್ಳುವ ಮೊದಲು ಕನ್ನಡಕ ಹಾಕಿಕೊಂಡೇ ಹದಿನೈದು ನಿಮಿಷವಾದರೂ ಹಾಕಿ ನೋಡಿ. ಎರಡು ನಿಮಿಷದಲ್ಲಿ ಎಲ್ಲವೂ ಆರಾಮವೇ, ಕಿವಿಯ ಹಿಂದೆ ಕಡ್ಡಿ ಒತ್ತುವುದು ಆಮೇಲೆ. ಅಂಗಡಿಯವರು ಮುಖ ಹುಳಿ ಮಾಡಿದರೆ ಮಣಿಪಾಲದಲ್ಲಿ ಓದುವ ಯಾವನಾದರೂ ಹುಡುಗನನ್ನು ಹಿಡಿಯಿರಿ, ಹಾಸ್ಟೆಲ್‌ನಲ್ಲಿ ಎಲ್ಲ ಮಾಡೆಲೂ ಇರುತ್ತದೆ. ಡಬ್ಬದ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರದ್ದು ಅಂತ ತೋರಿಸುತ್ತದೆ. ಬ್ರಾಂಡಿನ ಹೆಸರಲ್ಲಿ ಅರ್ಧ ಬೆಲೆಗೆ ಕೊಡುವ ಡೂಪ್ಲಿಕೇಟ್‌ಗಳು ಎಷ್ಟೋ ಸಲ ಇಲ್ಲೇ ಸಿಕ್ಕಿಬೀಳುತ್ತವೆ.

ನೆಕ್‌ಬ್ಯಾಂಡ್ ಈ ವಾರವೇ ತೆಗೆದುಕೊಳ್ಳಿ, ಬಸ್ಸು ದಿನಾ ಇದೆಯಲ್ಲ. ಹೆಡ್‌ಫೋನ್‌ಗೆ ದೀಪಾವಳಿ ಸೇಲ್ ತನಕ ಕಾಯಬಹುದು. ಮೂರು ಸಾವಿರದ ಆಸುಪಾಸಿಗೆ ಇಳಿದರೆ ಸಿಎಚ್520, ಇಳಿಯದಿದ್ದರೆ ಜೆಬಿಎಲ್ ಬೆಲೆ ಎಷ್ಟಿದೆ ನೋಡಿ.